ಡೈರಿ ದ್ಯಾವಯ್ಯನ ಹೊಟ್ಟೆಯೂ ಚಿಕ್ಕಬೋರಮ್ಮನ ಹಾಲೂ

ಪಾಂಡವಪುರದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ, ನಿಲ್ಲಿಸಬೇಕೋ ಬೇಡವೋ ಎಂದು ಬಸ್ಸಿನ ಚಾಲಕನು ಪ್ರತಿದಿನವೂ ಹೊಸದಾಗಿ ಆಲೋಚಿಸುವಂಥ ಒಂದು ಊರುಂಟು. ಅದರ ಹೆಸರು ಹುಣಸೆಕೊಪ್ಪಲು. ಆ ಊರಿಗೆ ಒಂದು ಹಾಲು ಉತ್ಪಾದಕರ ಸಹಕಾರ ಸಂಘ. ಜನರ ಬಾಯಲ್ಲಿ ಅದು ಡೈರಿ. ಆ ಡೈರಿಗೆ ಒಬ್ಬ ಹಾಲು ಪರೀಕ್ಷಕ, ಅವನೇ ದ್ಯಾವಯ್ಯ.

ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಊರಿನವರು ಕ್ಯಾನು ಹಿಡಿದು ಡೈರಿಯ ಬಾಗಿಲಲ್ಲಿ ಸಾಲುಗಟ್ಟುವರು. ದ್ಯಾವಯ್ಯನು ಪ್ರತಿಯೊಂದು ಕ್ಯಾನಿನಿಂದಲೂ ಪುಟ್ಟ ಶೀಷೆಯಲ್ಲಿ ಒಂದಿಷ್ಟು ಹಾಲು ತೆಗೆದು, ಯಂತ್ರದ ಸಣ್ಣ ಕೊಳವೆಗೆ ಒಡ್ಡುವನು. ಯಂತ್ರವು ಅರೆನಿಮಿಷ ಗುಂಯ್‌ಗುಟ್ಟಿ, ಹಾಲಿನಲ್ಲಿ ಜಿಡ್ಡು ಎಷ್ಟಿದೆಯೆಂಬುದನ್ನು ಕೆಂಪು ಅಂಕಿಗಳಲ್ಲಿ ತೋರಿಸುವುದು. ಹಾಲಿಗೆ ಸಿಗುವ ಬೆಲೆಯೂ ಆ ಅಂಕಿಯ ಮೇಲೆಯೇ. ಇಪ್ಪತ್ತೆರಡು ವರ್ಷಗಳಿಂದ ಆ ಅಂಕಿಯನ್ನು ಅವನು ಇದ್ದದ್ದು ಇದ್ದಂತೆಯೇ ಓದಿ ಹೇಳುತ್ತ ಬಂದಿದ್ದನು. ನೀರು ಬೆರೆತಿದೆಯೆಂದು ಒಮ್ಮೆ ಸ್ವಂತ ಭಾವಮೈದುನನ ಹಾಲನ್ನೇ ಹಿಂದಕ್ಕೆ ಕಳುಹಿಸಿದ್ದನು. ಭಾವಮೈದುನನು ಅಂದಿನಿಂದ ಇವನೊಡನೆ ಮಾತಾಡಿಲ್ಲ. ಒಬ್ಬ ಮನುಷ್ಯನ ಪ್ರಾಮಾಣಿಕತೆಗೆ ಇದಕ್ಕಿಂತ ಬಲವಾದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಕೇಳಲಾರದು.

ಆದರೆ ಇಪ್ಪತ್ತೆರಡು ವರ್ಷ ಒಂದೇ ಸ್ಟೂಲಿನ ಮೇಲೆ ಕುಳಿತ ಕಾರಣದಿಂದ ದ್ಯಾವಯ್ಯನಿಗೆ ಒಂದು ಹೊಟ್ಟೆ ಬಂದಿತ್ತು. ಅದು ಯಾರಿಗೂ ತೊಂದರೆ ಕೊಡದೆ, ಯಂತ್ರದ ಪಕ್ಕದಲ್ಲಿ ಮೇಜಿನ ಅಂಚಿನ ಮೇಲೆ ವಿರಮಿಸಿಕೊಂಡಿರುತ್ತಿತ್ತು. ಆಗಸ್ಟ್ ತಿಂಗಳ ಒಂದು ಬೆಳಗಿನವರೆಗೆ ಅದನ್ನು ಯಾರೂ ಒಂದು ವಿಷಯವೆಂದು ಎಣಿಸಿರಲಿಲ್ಲ.

ಆ ಬೆಳಿಗ್ಗೆ ಚಿಕ್ಕಬೋರಮ್ಮನ ಸರದಿ ಬಂದಿತು. ಅರವತ್ತೈದು ದಾಟಿದ ಹೆಂಗಸು. ಇರುವುದು ಒಂದೇ ಹಸು, ಅದರ ಹೆಸರು ಗೌರಿ. ನಾಲಗೆ ಮಾತ್ರ ಹತ್ತು ಹಸುವಿನ ಮನೆಯವರಿಗೆ ಸಾಲುವಷ್ಟು. ಯಂತ್ರವು ಎಂದಿನಂತೆ ಮೂರು ಎರಡು, ಅಂದರೆ ನೂರಕ್ಕೆ ಮೂರು ದಶಾಂಶ ಎರಡು ಪಾಲು ಜಿಡ್ಡು, ಎಂದು ತೋರಿಸಿತು. ಊರಿನ ಉಳಿದ ಹಾಲೆಲ್ಲ ಮೂರು ಎಂಟು, ನಾಲ್ಕು ಎಂದಿರುವಾಗ ಅವಳದು ವರ್ಷಾನುಗಟ್ಟಲೆ ಮೂರು ಎರಡನ್ನೂ ಮೂರು ಮೂರನ್ನೂ ಬಿಟ್ಟು ಮೇಲಕ್ಕೆ ಏರಿದ್ದಿಲ್ಲ. ಚಿಕ್ಕಬೋರಮ್ಮನು ಅಂಕಿಯನ್ನು ನೋಡಿದಳು, ದ್ಯಾವಯ್ಯನನ್ನು ನೋಡಿದಳು, ದೃಷ್ಟಿಯನ್ನು ಮೇಜಿನ ಅಂಚಿಗೆ ಇಳಿಸಿದಳು.

“ನಮ್ ಗೌರಿ ದಿನಾ ಇಂಡಿ ತಿಂತದೆ, ಬೂಸಾ ತಿಂತದೆ, ಜೋಳದ ಕಡ್ಡಿ ತಿಂತದೆ. ಜಿಡ್ಡು ಮಾತ್ರ ಬರಾಕಿಲ್ಲ ಅಂತೀಯ. ಅದೆಲ್ಲೋಯ್ತದೆ ಅಂತ ಇವತ್ ಗೊತ್ತಾಯ್ತು ಕಣ್ಲಾ ದ್ಯಾವ. ನಿನ್ ಒಟ್ಟೇಲದೆ.”

ಸಾಲಿನಲ್ಲಿದ್ದವರೆಲ್ಲರೂ ನಕ್ಕರು. ದ್ಯಾವಯ್ಯನೂ ನಕ್ಕನು, ಹೊಟ್ಟೆಯೂ ಮೇಜಿನ ಮೇಲೆ ಸ್ವಲ್ಪ ಕುಲುಕಿತು. ಸಾಕ್ಷ್ಯವು ಆ ಕ್ಷಣದಲ್ಲಿ ಹಾಗೆ ಕುಲುಕಿರಬಾರದಾಗಿತ್ತು.

ನಗೆಯ ಮಾತು ನಗೆಯಾಗಿ ಉಳಿಯಲು ಊರಿನಲ್ಲಿ ಬೇರೆ ಕೆಲಸವಿರಬೇಕು. ಸಂಜೆ ಟೀ ಅಂಗಡಿಯಲ್ಲಿ ಅದೇ ಮಾತನ್ನು ಯಾರೋ ನಗದೆ ಹೇಳಿದರು. ಪರೀಕ್ಷೆಗೆಂದು ತೆಗೆದ ಶೀಷೆ ಶೀಷೆ ಹಾಲು ಆಮೇಲೆ ಎಲ್ಲಿಗೆ ಹೋಗುವುದೆಂದು ಇನ್ನೊಬ್ಬರು ಕೇಳಿದರು. ಅದರಿಂದ ತಿಂಗಳಿಗೆ ಎಷ್ಟು ತುಪ್ಪವಾಗಬಹುದೆಂದು ಮೂರನೆಯವರು ಬೆರಳು ಮಡಿಸಿದರು. ಆ ಹಾಲನ್ನು ಪ್ರತಿದಿನವೂ ಎಲ್ಲರ ಕಣ್ಣೆದುರಿಗೇ ಡೈರಿಯ ದೊಡ್ಡ ಕ್ಯಾನಿಗೆ ಸುರಿಯುತ್ತಿದ್ದದ್ದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ನಾಲ್ಕನೆಯ ದಿನ ಸಂಘದ ಅಧ್ಯಕ್ಷ ಧರ್ಮೇಂದ್ರನು ಒಂದು ಕಾಗದವನ್ನು ಕೈಯಲ್ಲಿ ಹಿಡಿದು ದ್ಯಾವಯ್ಯನ ಮನೆಗೆ ಬಂದನು. ನಲವತ್ತೈದು ದಿನಕ್ಕೆ ವಾರ್ಷಿಕ ಮಹಾಸಭೆ. ಅದರ ವಿಷಯಪಟ್ಟಿಗೆ ಏಳನೆಯದಾಗಿ ಹೊಸ ವಿಷಯವೊಂದು ಸೇರಿತ್ತು. “ಹಾಲು ಪರೀಕ್ಷಕರ ಹೊಟ್ಟೆಯನ್ನು ಕುರಿತು ಸದಸ್ಯರಿಗೆ ಉಂಟಾಗಿರುವ ಅನುಮಾನದ ಪರಿಶೀಲನೆ ಹಾಗೂ ಅಗತ್ಯ ಬಿದ್ದಲ್ಲಿ ಹೊಸ ಪರೀಕ್ಷಕರ ನೇಮಕ.”

“ನಂಗೇನೂ ಅನುಮಾನ ಇಲ್ಲ ಕಣಣ್ಣ,” ಎಂದನು ಧರ್ಮೇಂದ್ರ. “ಆದ್ರೆ ಇಪ್ಪತ್ತೇಳು ಜನ ರುಜು ಆಕವ್ರೆ. ರುಜು ಬಿದ್ಮೇಲೆ ಓದ್ದೆ ಇರಾಕಾಯ್ತದಾ?”

ಆ ರಾತ್ರಿ ದ್ಯಾವಯ್ಯನಿಗೆ ಕೆಲಸ ಹೋಗುವುದೆಂಬ ಚಿಂತೆಗಿಂತ, ಇಪ್ಪತ್ತೆರಡು ವರ್ಷ ಓದಿದ ಅಂಕಿಗಳೆಲ್ಲವೂ ಒಮ್ಮೆಗೇ ಸುಳ್ಳಾಗುವುವೆಂಬ ಚಿಂತೆ ಹೆಚ್ಚಾಗಿ ಕಾಡಿತು. ಆಗ ಅವನು ಒಂದು ತೀರ್ಮಾನಕ್ಕೆ ಬಂದನು. ಅನುಮಾನ ಇರುವುದು ಹೊಟ್ಟೆಯ ಮೇಲೆ. ಹೊಟ್ಟೆಯೇ ಇಲ್ಲದಿದ್ದರೆ ಅನುಮಾನವು ಎಲ್ಲಿ ಕೂರುವುದು? ಜಿಡ್ಡಿನ ವಿಷಯದಲ್ಲಿ ಈ ಸೀಮೆಗೇ ಅನುಭವಸ್ಥನಾದ ತನಗೆ ಸ್ವಂತ ಜಿಡ್ಡನ್ನು ಇಳಿಸುವುದೇನು ಮಹಾ ಎಂಬ ಧೈರ್ಯವೂ ಅವನಿಗಿತ್ತು. ಮುಂದಿನ ಅನರ್ಥಗಳಿಗೆಲ್ಲ ಕಾರಣವಾದದ್ದು ಈ ಧೈರ್ಯವೇ.

ಪಾಂಡವಪುರದಲ್ಲಿ ಸರ್ದಾರ್ ಪಾಷಾ ಎಂಬುವರ ಟೈರು ಅಂಗಡಿಯ ಮೇಲಂತಸ್ತಿನಲ್ಲಿ ಅವರ ಮಗ ಕಲೀಂ ಒಂದು ಜಿಮ್ಮನ್ನು ನಡೆಸುತ್ತಿದ್ದನು. ಮೂವತ್ತರ ಪ್ರಾಯದ, ಮಿತಭಾಷಿಯಾದ, ಕಲಿತು ಬಂದ ಯುವಕ. ದ್ಯಾವಯ್ಯನು ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವಣ ಬಿಡುವಿನಲ್ಲಿ ಬಸ್ಸು ಹತ್ತಿ ಹೋಗಿ, ಮೆಟ್ಟಿಲೇರಿ, ಏದುಸಿರು ನಿಂತ ಮೇಲೆ ತನ್ನ ಬೇಡಿಕೆಯನ್ನು ಮುಂದಿಟ್ಟನು.

“ಒಟ್ಟೆ ಒಂದ್ನ ಇಳಿಸ್ಕೊಡಪ್ಪ. ಮಿಕ್ಕಿದ್ದೆಲ್ಲ ಅಂಗೇ ಇರ್ಲಿ, ಅದ್ರ ಮೇಲೆ ಯಾರ್ದೂ ತಕರಾರಿಲ್ಲ.”

“ಒಂದೇ ಜಾಗದಿಂದ ತೆಗೆಯೋಕೆ ಬರಲ್ಲ ಅಣ್ಣ,” ಎಂದನು ಕಲೀಂ. “ಮೈ ತನಗೆ ಎಲ್ಲಿಂದ ಬೇಕೋ ಅಲ್ಲಿಂದ ತಗೊಳ್ತದೆ, ನಮ್ಮನ್ನ ಕೇಳಲ್ಲ. ಊಟ ಸ್ವಲ್ಪ ಕಮ್ಮಿ ಮಾಡಿ, ದಿನಾ ನಡೀರಿ, ವಾರಕ್ಕೆ ಮೂರು ದಿನ ಬಂದು ಭಾರ ಎತ್ತಿ, ಚೆನ್ನಾಗಿ ನಿದ್ದೆ ಮಾಡಿ. ಆರು ತಿಂಗಳು ಬೇಕು. ಬಸ್, ಇಷ್ಟೇ.”

ಸತ್ಯವನ್ನು ಇಷ್ಟು ಸಪ್ಪೆಯಾಗಿ ಹೇಳಿದರೆ ಅದನ್ನು ಯಾರು ಗೌರವಿಸುವರು? ದ್ಯಾವಯ್ಯನಿಗೆ ಆ ಯುವಕನ ಮೇಲೆ ಕನಿಕರ ಹುಟ್ಟಿತು. ಹಾಲನ್ನು ಕಾಯಿಸಿ ಇಟ್ಟರೆ ಕೆನೆಯು ಮೇಲೆ ಕಟ್ಟುವುದೆಂದೂ, ಕಟ್ಟಿದ ಕಡೆಯಿಂದಲೇ ಅದನ್ನು ತೆಗೆಯುವರಲ್ಲದೆ ಪಾತ್ರೆಯ ತಳದಲ್ಲಿ ಯಾರೂ ಹುಡುಕುವುದಿಲ್ಲವೆಂದೂ ತಾಳ್ಮೆಯಿಂದ ತಿಳಿಸಿಕೊಟ್ಟನು. ಭಾರ ಎತ್ತುವುದನ್ನಂತೂ ಖಂಡಿತವಾಗಿ ನಿರಾಕರಿಸಿದನು. ಭಾರ ಎತ್ತಿದರೆ ಜಿಡ್ಡು ಗಟ್ಟಿಯಾಗಿ ಮಾಂಸಖಂಡವಾಗಿ ಕೂರುವುದು, ಆಮೇಲೆ ಚಳಿಗಾಲದ ತುಪ್ಪದಂತೆ ಕೆರೆದರೂ ಬರುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಜಿಡ್ಡು ಎಂದಿಗೂ ಮಾಂಸಖಂಡವಾಗದು, ಮಾಂಸಖಂಡವೂ ಜಿಡ್ಡಾಗದು, ಅವೆರಡೂ ಬೇರೆ ಬೇರೆಯೆಂದು ಕಲೀಂ ಹೇಳಿದನು. ದ್ಯಾವಯ್ಯನು ಕೇಳಿಸಿಕೊಳ್ಳಲಿಲ್ಲ. ಅವನ ದೃಷ್ಟಿಯು ಆಗಲೇ ಮೂಲೆಯಲ್ಲಿದ್ದ ಒಂದು ಯಂತ್ರದ ಮೇಲೆ ನೆಟ್ಟಿತ್ತು.

ಅದೊಂದು ಅಗಲವಾದ ಪಟ್ಟಿ. ಸೊಂಟಕ್ಕೆ ಸುತ್ತಿಕೊಂಡು ಗುಂಡಿಯನ್ನು ಒತ್ತಿದರೆ ಮನುಷ್ಯನನ್ನು ಗಡಗಡನೆ ಅಲುಗಿಸುವುದು. ಗಿರಾಕಿಗಳು ಕೇಳುವರೆಂದು ಸರ್ದಾರ್ ಪಾಷಾರವರು ಎಲ್ಲಿಂದಲೋ ಹಳೆಯದನ್ನು ತಂದಿಟ್ಟಿದ್ದರು. ಅದರಿಂದ ಉಪಯೋಗವಿಲ್ಲವೆಂದು ಕಲೀಂ ಅದರ ಮೇಲೆ ಟವೆಲ್ಲುಗಳನ್ನು ಒಣಹಾಕುತ್ತಿದ್ದನು. ದ್ಯಾವಯ್ಯನಿಗೋ ಅದು ಕಂಡ ಕೂಡಲೇ ಬಂಧುವನ್ನು ಕಂಡಂತಾಯಿತು. ಮೊಸರಿನಿಂದ ಬೆಣ್ಣೆಯನ್ನು ಬೇರ್ಪಡಿಸುವ ಉಪಾಯ ಜಗತ್ತಿನಲ್ಲಿ ಒಂದೇ: ಕಡೆಯುವುದು. ಟವೆಲ್ಲುಗಳನ್ನು ತಾನೇ ತೆಗೆದು ಮಡಿಸಿಟ್ಟು, ಪಟ್ಟಿಯನ್ನು ಸುತ್ತಿಕೊಂಡು, ಕಣ್ಣು ಮುಚ್ಚಿ ನಿಂತನು. ಹೀಗೆ ಮೂರು ವಾರ, ದಿನಕ್ಕೆ ಒಂದು ಗಂಟೆ, ದ್ಯಾವಯ್ಯನ ಹೊಟ್ಟೆಯನ್ನು ಕಡೆಯಲಾಯಿತು.

ಇತ್ತ ಮನೆಯಲ್ಲಿ ಅವನು ಮುದ್ದೆಯನ್ನು ಬಿಟ್ಟನು. ಜಿಮ್ಮಿನಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದವನೊಬ್ಬನು, ಹೊಟ್ಟೆಗೆಲ್ಲ ಮೂಲ ಮುದ್ದೆಯೂ ಅನ್ನವೂ ಎಂದಿದ್ದನು. ಬಿಸಿನೀರಿಗೆ ನಿಂಬೆಯ ರಸವನ್ನೂ ಜೇನುತುಪ್ಪವನ್ನೂ ಬೆರೆಸಿ ಕುಡಿದರೆ ಒಳಗಿನ ಕೊಬ್ಬು ಸೋಪಿಗೆ ಸಿಕ್ಕ ಜಿಡ್ಡಿನಂತೆ ತೊಳೆದು ಹೋಗುವುದೆಂದೂ ಹೇಳಿದ್ದನು. ನಮ್ಮ ಸೀಮೆಯಲ್ಲಿ ಗಂಡಸೊಬ್ಬನು ಮುದ್ದೆಯನ್ನು ಬಿಡುವುದೆಂದರೆ ಸಣ್ಣ ಸುದ್ದಿಯಲ್ಲ. ಹೆಂಡತಿ ಸಿದ್ದಲಿಂಗಮ್ಮನು ಮೊದಲ ದಿನ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದಳು. ಎರಡನೆಯ ದಿನ ತನ್ನ ಮೇಲೆ ಕೋಪವೇ ಎಂದು ಕೇಳಿದಳು. ಮೂರನೆಯ ದಿನ ಏನನ್ನೂ ಕೇಳದೆ ಬೂಕನಕೆರೆಯಲ್ಲಿದ್ದ ತನ್ನ ಅಕ್ಕ ಪುಟ್ಟಲಕ್ಷ್ಮಮ್ಮನಿಗೆ ಫೋನು ಮಾಡಿದಳು. ಪುಟ್ಟಲಕ್ಷ್ಮಮ್ಮನು ಒಂದು ಚಿಪ್ಪು ಬಾಳೆಹಣ್ಣಿನೊಡನೆ ಬಂದಿಳಿದು, ಜಗುಲಿಯಲ್ಲಿ ಕುಳಿತು, ಯಾವ ಡಾಕ್ಟರಿಗೆ ತೋರಿಸಿದಿರಿ, ಅವರು ಏನು ಹೇಳಿದರು, ಮುಚ್ಚಿಡಬೇಡಿ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದಳು. ಕಾಯಿಲೆಯೇನೂ ಇಲ್ಲವೆಂದು ದ್ಯಾವಯ್ಯನು ಹೇಳಿದಷ್ಟೂ ಕಾಯಿಲೆಯ ಗಾತ್ರ ದೊಡ್ಡದಾಗುತ್ತ ಹೋಯಿತು.

ಮೂರು ವಾರದ ಫಲವು ಕಣ್ಣಿಗೆ ಕಾಣುವಂತೆಯೇ ಇತ್ತು. ದ್ಯಾವಯ್ಯನ ಕೆನ್ನೆಗಳು ಒಳಕ್ಕೆ ಹೋದವು. ಕತ್ತಿನ ಮೂಳೆ ಎದ್ದಿತು. ಕೈಗಡಿಯಾರವು ಮೊಣಕೈಯ ಕಡೆಗೆ ಜಾರತೊಡಗಿತು. ಕಲೀಂ ಹೇಳಿದಂತೆ ಮೈಯು ತನಗೆ ಬೇಕಾದಲ್ಲಿಂದ ತೆಗೆದುಕೊಂಡಿತ್ತು. ಹೊಟ್ಟೆಯನ್ನು ಮಾತ್ರ ಕೊನೆಗೆಂದು ಜೋಪಾನವಾಗಿ ಇಟ್ಟಿತ್ತು. ಬತ್ತಿದ ಮುಖವೂ ಬತ್ತದ ಹೊಟ್ಟೆಯೂ ಒಂದೇ ಸ್ಟೂಲಿನ ಮೇಲೆ ಕುಳಿತದ್ದನ್ನು ಊರು ನೋಡಿತು. ತನ್ನದೇ ತೀರ್ಪನ್ನು ಕೊಟ್ಟಿತು. ತಿಂದದ್ದು ಹೊಟ್ಟೆಯಲ್ಲಿದೆ, ಅದರ ಪಾಪವು ಮುಖವನ್ನು ತಿನ್ನುತ್ತಿದೆ ಎಂದು.

ಮಹಾಸಭೆಗೆ ಮೂರೇ ವಾರ ಉಳಿದಿತ್ತು. ಕಡೆದಾಯಿತು, ಇನ್ನು ಕರಗಿಸುವುದೊಂದೇ ದಾರಿ. ಬೆಣ್ಣೆಯನ್ನು ಒಲೆಯ ಮೇಲಿಟ್ಟರೆ ಕರಗದೆ ಏನು ಮಾಡೀತು? ಊರಿನ ಹೊರಗೆ ಶಂಕರನ ಆಲೆಮನೆಯಿತ್ತು. ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಆ ಒಲೆಯ ಬಳಿ ನಿಂತವರು ಅರೆಗಳಿಗೆಯಲ್ಲಿ ಬೆವರಿನಿಂದ ತೊಯ್ದು ಹೋಗುವರು. ದ್ಯಾವಯ್ಯನು ಒಂದು ಮಧ್ಯಾಹ್ನ ಹೊಟ್ಟೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಸುತ್ತಿ, ಮೇಲೆ ಕಂಬಳಿಯನ್ನು ಹೊದ್ದು, ಬೆಲ್ಲ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತನು. ಎಂಬತ್ತಾರು ಕಿಲೋ. ಬಳಿಕ ಒಲೆಯ ಬಾಯಿಗೆ ಎದುರಾಗಿ ಕುಕ್ಕರುಗಾಲಿನಲ್ಲಿ ಕುಳಿತನು. ಶಂಕರನು ಏನಾದರೂ ಹರಕೆಯೇ ಎಂದು ಕೇಳಿದನು. ಹೌದೆಂದು ತಲೆಯಾಡಿಸುವುದೇ ದ್ಯಾವಯ್ಯನಿಗೆ ಸುಲಭವೆನಿಸಿತು.

ಒಂದೂವರೆ ಗಂಟೆಯ ಮೇಲೆ ಅವನು ಎದ್ದು, ತೂರಾಡುತ್ತ ತಕ್ಕಡಿಯನ್ನು ಹತ್ತಿದನು. ಎಂಬತ್ತನಾಲ್ಕೂವರೆ. ಒಂದೂವರೆ ಕಿಲೋ ಜಿಡ್ಡನ್ನು ಒಂದೂವರೆ ಗಂಟೆಯಲ್ಲಿ ಕರಗಿಸಿದ ಮನುಷ್ಯನು ಇತಿಹಾಸದಲ್ಲಿ ಇನ್ನೊಬ್ಬನಿಲ್ಲವೆಂಬ ಸಂತೋಷದಿಂದ ಅವನ ಕಣ್ಣಲ್ಲಿಯೂ ನೀರು ಬಂದಿತು; ಮೈಯಲ್ಲಿ ನೀರು ಇನ್ನೂ ಉಳಿದಿದ್ದುದೇ ಆಶ್ಚರ್ಯ. ಹರಕೆಯಲ್ಲವೆಂದೂ, ಸಂಗತಿ ಹೀಗೆಂದೂ ಆ ಸಂತೋಷದಲ್ಲಿ ಶಂಕರನಿಗೆ ಹೇಳಿಬಿಟ್ಟನು. ಶಂಕರನು ಕೊಪ್ಪರಿಗೆಯನ್ನು ಕಲಕುತ್ತಿದ್ದ ಕೈಯನ್ನು ನಿಲ್ಲಿಸದೆ, ಮೇಲೇಳುತ್ತಿದ್ದ ಆವಿಯತ್ತ ಗದ್ದವನ್ನೆತ್ತಿ ತೋರಿಸಿದನು.

“ದ್ಯಾವಯ್ಯಣ್ಣ, ಬೆಳಗಿಂದ ಕಾಯಿಸ್ತಾ ಇವ್ನಿ. ಇಲ್ಲಿ ಓಯ್ತಾ ಇರೋದು ನೀರು ಕಣಣ್ಣ. ಬೆಲ್ಲ ಎಲ್ಲೂ ಓಗಾಕಿಲ್ಲ, ಕೊಪ್ಪರಿಗೇಲೇ ಇರ್ತದೆ. ಓಗಂಗಿದ್ರೆ ನಾನ್ಯಾಕೆ ಕಾಯಿಸ್ತಿದ್ದೆ?”

ದ್ಯಾವಯ್ಯನು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದನು. ಹಾಲನ್ನು ಕುದಿಸಿ ಇಂಗಿಸಿದರೆ ಜಿಡ್ಡಿನ ಅಂಕಿ ಇಳಿಯುವುದಿಲ್ಲ, ಏರುವುದು. ಇದನ್ನು ಅವನು ಇಪ್ಪತ್ತೆರಡು ವರ್ಷದಿಂದ ಬಲ್ಲನು. ಹಾಗಾದರೆ ಈ ಒಂದೂವರೆ ಗಂಟೆಯಲ್ಲಿ ತನ್ನಿಂದ ನೀರು ಮಾತ್ರ ಹೋಗಿ, ಯಂತ್ರಕ್ಕೆ ಒಡ್ಡಿದರೆ ಮೊದಲಿಗಿಂತ ಹೆಚ್ಚಿನ ಜಿಡ್ಡನ್ನು ತೋರಿಸುವಂಥ ಮನುಷ್ಯನಾಗಿ ತಾನು ತಯಾರಾಗಿದ್ದೇನೆ. ಇದನ್ನು ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಗಿಸಿದವನೇ ಅಲ್ಲಿದ್ದ ಕೊಡದಿಂದ ನಾಲ್ಕು ಚೊಂಬು ನೀರು ಕುಡಿದನು. ತಕ್ಕಡಿಯು ಎಂಬತ್ತಾರಕ್ಕೆ ಮರಳಿತು.

ಆದರೂ ಅವನು ಮುದ್ದೆಗೆ ಮರಳಲಿಲ್ಲ. ಉಳಿದದ್ದು ಅದೊಂದೇ ಆಸೆ. ಅದರ ಫಲ ಒಂದು ಸೋಮವಾರ ಬೆಳಿಗ್ಗೆ ಕಾಣಿಸಿತು. ಅಂದು ಡೈರಿಯ ಕಂಪ್ಯೂಟರು ಕೆಟ್ಟಿತ್ತು. ಯಂತ್ರದಲ್ಲಿ ಓದಿದ ಅಂಕಿಯನ್ನು ಪ್ರತಿಯೊಬ್ಬರ ಪುಸ್ತಕಕ್ಕೂ ಕೈಯಿಂದಲೇ ಬರೆಯಬೇಕಾಗಿತ್ತು. ಬರಿಯ ನಿಂಬೆನೀರಿನ ಮೇಲೆ ಕುಳಿತಿದ್ದ ದ್ಯಾವಯ್ಯನಿಗೆ ಕೆಂಪು ಅಂಕಿಗಳು ಒಮ್ಮೊಮ್ಮೆ ಎರಡೆರಡಾಗಿ ಕಾಣುತ್ತಿದ್ದವು. ಸಾಲು ಕರಗಿ, ಬಾಗಿಲು ಹಾಕಿ, ಮಧ್ಯಾಹ್ನ ಶೀಷೆ ತೊಳೆಯುವಾಗ ಅವನಿಗೆ ಸಿಡಿಲು ಬಡಿದಂತೆ ನೆನಪಾಯಿತು: ಚಿಕ್ಕಬೋರಮ್ಮನ ಪುಸ್ತಕದಲ್ಲಿ ಮೂರು ಮೂರು ಎಂದು ಬರೆಯುವ ಬದಲು ಮೂರು ಎಂಟು ಎಂದು ಬರೆದಿದ್ದನು. ಇಪ್ಪತ್ತೆರಡು ವರ್ಷದಲ್ಲಿ ಅದು ಮೊದಲನೆಯ ತಪ್ಪು.

ಅವನು ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ತಪ್ಪು ಅವನಿಗಿಂತ ಮುಂಚೆಯೇ ಊರನ್ನೆಲ್ಲ ಸುತ್ತಿ ಬಂದಿತ್ತು. ಚಿಕ್ಕಬೋರಮ್ಮನು ಪುಸ್ತಕವನ್ನು ಮನೆಮನೆಗೂ ತೋರಿಸಿದ್ದಳು. ದ್ಯಾವನು ತಿಂಗಳಿಂದ ಮುದ್ದೆ ಬಿಟ್ಟು ಜಿಮ್ಮಿಗೆ ಹೋಗುತ್ತಿರುವುದೂ, ಈಗ ತನ್ನ ಹಾಲಿಗೆ ಜಿಡ್ಡು ಬಂದಿರುವುದೂ ಬೇರೆ ಬೇರೆ ಸಂಗತಿಗಳಲ್ಲವೆಂದು ಅವಳ ವಾದ. ಅಲ್ಲಿ ಇಳಿದದ್ದು ಇಲ್ಲಿ ಏರಿದೆ. ಟೀ ಅಂಗಡಿಯವರು ಇದನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿ, ಲೋಪವೇನೂ ಇಲ್ಲವೆಂದು ಒಪ್ಪಿದರು.

ದ್ಯಾವಯ್ಯನ ಪರಿಸ್ಥಿತಿ ಈಗ ಹೀಗಾಯಿತು. ಹೊಟ್ಟೆ ಇದ್ದರೆ ಕಳ್ಳತನಕ್ಕೆ ಸಾಕ್ಷಿ. ಇಳಿದರೆ ಕದ್ದದ್ದನ್ನು ಹಿಂದಿರುಗಿಸಿದ್ದಕ್ಕೆ ಸಾಕ್ಷಿ. ತಪ್ಪನ್ನು ಒಪ್ಪಿಕೊಂಡರೆ ಅವನ ಲೆಕ್ಕವನ್ನು ನಂಬುವ ಹಾಗಿಲ್ಲ. ಒಪ್ಪಿಕೊಳ್ಳದಿದ್ದರೆ ತನ್ನನ್ನು ತಾನೇ ನಂಬುವ ಹಾಗಿಲ್ಲ. ಅವನು ಜಿಮ್ಮಿಗೆ ಹೋಗಿ, ಪಟ್ಟಿಯನ್ನು ಕಟ್ಟಿಕೊಳ್ಳದೆ, ಬೆಂಚಿನ ಮೇಲೆ ಸುಮ್ಮನೆ ಕುಳಿತನು. ಕಲೀಂ ಎಲ್ಲವನ್ನೂ ಕೇಳಿದನು. ನಗಲಿಲ್ಲ.

“ಅಣ್ಣ, ಜಿಡ್ಡು ಬಂದಿರೋದು ಇಪ್ಪತ್ತೆರಡು ವರ್ಷದಿಂದ. ಅದು ಇಪ್ಪತ್ತೆರಡು ದಿನದಲ್ಲಿ ಹೋಗು ಅಂದ್ರೆ ಹೇಗೆ ಹೋಗ್ತದೆ? ಮುದ್ದೆ ತಿನ್ನಿ. ಎರಡು ತಿಂತಿದ್ದೋರು ಒಂದು ತಿನ್ನಿ. ಬೆಳಿಗ್ಗೆ ಎದ್ದು ನಡೀರಿ. ಸಭೆಗೋಸ್ಕರ ಅಲ್ಲ, ಹಾಗೇ ನಡೀರಿ.”

ಮರುದಿನದಿಂದ ದ್ಯಾವಯ್ಯನು ಬೆಳಗಿನ ಜಾವ ಐದಕ್ಕೆ ನಡೆಯಲು ತೊಡಗಿದನು. ಸತ್ಯವನ್ನೇ ಹೇಳಬೇಕೆಂದರೆ, ಊರು ಏಳುವ ಮುನ್ನ ಊರನ್ನು ನೋಡಿ ಮುಗಿಸುವುದೇ ಅವನ ಉದ್ದೇಶವಾಗಿತ್ತು. ಇಪ್ಪತ್ತೆರಡು ವರ್ಷ ಎಲ್ಲರ ಹಾಲನ್ನೂ ನೋಡಿದ್ದ ಅವನು, ಆ ಹಾಲು ಹುಟ್ಟುವ ಕೊಟ್ಟಿಗೆಗಳನ್ನು ನೋಡಿದ್ದು ಆ ದಿನಗಳಲ್ಲಿಯೇ. ಒಂದೊಂದು ಮನೆಯಲ್ಲೂ ಒಂದೊಂದು ಸಣ್ಣ ದೀಪ, ತಂಬಿಗೆಗೆ ಬೀಳುವ ಹಾಲಿನ ಸದ್ದು.

ನಾಲ್ಕನೆಯ ದಿನ ಚಿಕ್ಕಬೋರಮ್ಮನ ಕೊಟ್ಟಿಗೆಯ ಮುಂದೆ ಹಾದು ಹೋಗುವಾಗ ಅವನ ಕಾಲು ನಿಂತಿತು. ಅವಳು ಗೌರಿಯ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟಂತೆ ಎದ್ದು, ಕ್ಯಾನನ್ನು ಜಗುಲಿಯ ಮೇಲಿಟ್ಟು, ಮೂಲೆಯಲ್ಲಿ ಕಟ್ಟಿದ್ದ ಕರುವಿನ ಹಗ್ಗವನ್ನು ಬಿಚ್ಚಿದಳು. ಕರುವು ನುಗ್ಗಿ ಬಂದು ಕೆಚ್ಚಲನ್ನು ಗುಮ್ಮಿ ಗುಮ್ಮಿ ಕುಡಿಯತೊಡಗಿತು. ದುಂಡಗೆ ಬೆಳೆದ, ನುಣುಪಾದ ಕರು.

“ಅಕ್ಕ, ಕೆಚ್ಚಲಲ್ಲಿ ಇನ್ನೂ ಆಲು ಅದೆಯಲ್ಲ,” ಎಂದನು ದ್ಯಾವಯ್ಯ.

ಅವಳು ಬೆಚ್ಚಿಬಿದ್ದು ತಿರುಗಿದಳು. “ಮನೆ ಮನೆ ಕೊಟ್ಗೇನೂ ಇಣುಕ್ತಿದ್ದೀಯೇನ್ಲಾ ಈಗ? ಇರ್ಲಿ ಬುಡು. ಕೊನೇ ಆಲು ಕರೂಗೆ. ನಮ್ಮತ್ತೆ ಕಾಲ್ದಿಂದ್ಲೂ ಈ ಮನೇಲಿ ಅಂಗೇಯ. ಅದ್ನೂ ಇಂಡ್ಕಂಡ್ಬುಟ್ರೆ ಆ ಮೂಗ್‌ಪ್ರಾಣಿ ಏನ್ ಕುಡಿದಾತು?”

ಬಹಳ ಹಿಂದೆ ಮಂಡ್ಯದಲ್ಲಿ ಪಡೆದ ಒಂದು ವಾರದ ತರಬೇತಿಯ ಎರಡನೆಯ ದಿನ ದ್ಯಾವಯ್ಯನ ನೆನಪಿಗೆ ಬಂದಿತು. ಮೊದಲು ಇಳಿಯುವ ಹಾಲು ತೆಳುವೆಂದೂ, ಕೆಚ್ಚಲಿನ ಕೊನೆಯ ಹಾಲಿನಲ್ಲಿಯೇ ಜಿಡ್ಡು ಹೆಚ್ಚೆಂದೂ ಅಂದು ಹೇಳಿಕೊಟ್ಟಿದ್ದರು. ಯಂತ್ರವು ಎಂದೂ ಆ ಪ್ರಶ್ನೆಯನ್ನು ಕೇಳದ ಕಾರಣ ಅವನು ಉತ್ತರವನ್ನು ಮರೆತಿದ್ದನು. ಅಂಗಿಯ ಜೇಬಿನಲ್ಲಿದ್ದ ಶೀಷೆಯನ್ನು ತೆಗೆದು, ಕರುವಿನ ಪಾಲಿನಿಂದ ಒಂದಿಷ್ಟು ಬೇಕೆಂದು ಬೇಡಿದನು. ಚಿಕ್ಕಬೋರಮ್ಮನು ಅನುಮಾನಿಸುತ್ತಲೇ ಕೊಟ್ಟಳು. ಕರುವು ಅಷ್ಟನ್ನೂ ಸಹಿಸದೆ ಅವನ ಹೊಟ್ಟೆಗೆ ತಲೆಯಿಂದ ಒಮ್ಮೆ ಗುದ್ದಿತು.

ಡೈರಿಯಲ್ಲಿ ಯಂತ್ರವು ಆ ಶೀಷೆಯನ್ನು ಪರೀಕ್ಷಿಸಿ ಏಳು ಒಂದು ಎಂದು ತೋರಿಸಿತು. ಚಿಕ್ಕಬೋರಮ್ಮನು ಸಾಲಿನಲ್ಲಿ ಬಂದಾಗ ಎಷ್ಟು ಬಂದಿತೆಂದು ಕೇಳಿದಳು. ಅವನು ಇದ್ದದ್ದನ್ನು ಇದ್ದಂತೆಯೇ ಹೇಳಿದನು. ಅವಳು ಕ್ಯಾನನ್ನು ಎತ್ತಿಕೊಂಡು ನೆಟ್ಟಗೆ ಕೊಟ್ಟಿಗೆಗೆ ಹೋದಳು.

ದ್ಯಾವಯ್ಯನ ಕೈಯಲ್ಲಿ ಈಗ ತನ್ನ ಬಿಡುಗಡೆಯಿತ್ತು. ಸಭೆಯಲ್ಲಿ ಆ ಶೀಷೆಯ ಕಥೆಯನ್ನು ಹೇಳಿದರೆ ಸಾಕಾಗಿತ್ತು. ಆದರೆ ಹೇಳಿದ ಮರುಗಳಿಗೆಯಲ್ಲಿಯೇ ಊರೆಲ್ಲ ಸೇರಿ ಚಿಕ್ಕಬೋರಮ್ಮನಿಗೆ ಬುದ್ಧಿ ಹೇಳುವರೆಂಬುದೂ ಅವನಿಗೆ ತಿಳಿದಿತ್ತು. ಕರುವನ್ನು ಕಟ್ಟಿಹಾಕು, ಕೊನೆಯ ಹನಿಯವರೆಗೂ ಕರೆದುಕೋ ಎನ್ನುವರು. ತನ್ನ ಹೆಸರು ಉಳಿಯುವುದು, ಆ ಕರುವಿನ ಬೆಳಗಿನ ಊಟ ಹೋಗುವುದು. ಉಳಿದ ಏಳು ದಿನವೂ ಅವನು ನಡೆಯುತ್ತ ಇದನ್ನೇ ಯೋಚಿಸಿದನು. ಮನೆಗೆ ಬಂದು ಒಂದು ಮುದ್ದೆಯನ್ನು ಉಂಡನು. ಸಿದ್ದಲಿಂಗಮ್ಮನು ಎರಡನೆಯದನ್ನು ಬಡಿಸಲು ಕೈಯೆತ್ತಿ, ಅವನ ಮುಖವನ್ನು ನೋಡಿ, ಹಾಗೆಯೇ ಇಳಿಸಿದಳು.

ಮಹಾಸಭೆಯು ಶಾಲೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಸೇರಿತು. ಆರು ವಿಷಯಗಳು ಕೊಂಚ ಹೊತ್ತಿನಲ್ಲಿಯೇ ಮುಗಿದವು. ಯಾರೂ ಅವಕ್ಕೆಂದು ಬಂದಿರಲಿಲ್ಲ. ಧರ್ಮೇಂದ್ರನು ಗಂಟಲು ಸರಿಮಾಡಿಕೊಂಡು ಏಳನೆಯದನ್ನು ಓದಿದನು. ಇನ್ನೂರು ಕಣ್ಣುಗಳು ಒಂದೇ ಸ್ಥಳದ ಮೇಲೆ ಬಿದ್ದವು. ನಲವತ್ತೈದು ದಿನದಲ್ಲಿ ದ್ಯಾವಯ್ಯನು ಒಟ್ಟು ನಾಲ್ಕು ಕಿಲೋ ಇಳಿದಿದ್ದನು. ಅದರಲ್ಲಿ ಹೊಟ್ಟೆಯ ಪಾಲು ಎಷ್ಟೆಂದು ಹೇಳುವುದು ಕಷ್ಟ. ಅವನು ಎದ್ದು ನಿಂತು, ಒಂದೇ ಒಂದು ಸಂಗತಿಯನ್ನು ಹೇಳಿದನು.

“ಚಿಕ್ಕಬೋರಕ್ಕನ ಪುಸ್ತಕದಲ್ಲಿ ಮೂರು ಎಂಟು ಅಂತ ಬರ್ದಿರೋದು ನನ್ ತಪ್ಪು. ಮೂರು ಮೂರು ಬಂದಿದ್ದು. ತಲೆ ಸುತ್ತಿ ತಪ್ಪು ಬರ್ದೆ. ಅದ್ನ ತಿದ್ಬೇಕು. ಇನ್ನು ಮಿಕ್ಕಿದ್ದು ನಿಮಗೆ ಬುಟ್ಟಿದ್ದು.”

ಗದ್ದಲವೆದ್ದಿತು. ಕಂಡ ತಪ್ಪು ಒಂದಾದರೆ ಕಾಣದ ತಪ್ಪುಗಳು ಎಷ್ಟೆಂದು ಒಬ್ಬರು ಕೇಳಿದರು. ಇಳಿದ ಹೊಟ್ಟೆಯು ಮತ್ತೆ ಏರುತ್ತಿರುವುದರಿಂದಲೇ ಅಂಕಿಯು ಮತ್ತೆ ಇಳಿಯುತ್ತಿದೆಯೆಂದು ಇನ್ನೊಬ್ಬರು ವಿವರಿಸಿದರು. ಹೊಸ ಪರೀಕ್ಷಕನ ಹೆಸರನ್ನು ಯಾರೋ ಸೂಚಿಸಿಯೂ ಬಿಟ್ಟರು. ದ್ಯಾವಯ್ಯನು ಕೈಕಟ್ಟಿಕೊಂಡು ನಿಂತಿದ್ದನು. ಆಗ ಹೆಂಗಸರ ಸಾಲಿನಿಂದ ಚಿಕ್ಕಬೋರಮ್ಮನು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

“ಕುಂತ್ಕಳ್ರಲಾ ಎಲ್ಲ. ಜಿಡ್ಡು ಒಟ್ಟೇಲದೆ ಅಂತ ಮೊದ್ಲು ಅಂದೋಳು ನಾನು. ಅಂದಿದ್ದೇನು ಸುಳ್ಳಲ್ಲ. ಒಟ್ಟೆ ಬ್ಯಾರೇದು. ನಮ್ ಕರೂದು.”

ಅವಳು ಕೊನೆಯ ಹಾಲಿನ ಸಂಗತಿಯನ್ನೂ, ಶೀಷೆಯನ್ನೂ, ಯಂತ್ರವು ಏಳು ಒಂದು ಎಂದುದನ್ನೂ ತಡವರಿಸದೆ ಹೇಳಿದಳು. ದ್ಯಾವನಿಗೆ ಇದೆಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲವೆಂಬುದನ್ನು ಕೊನೆಯಲ್ಲಿ, ಸ್ವಲ್ಪ ಗದರುವ ದನಿಯಲ್ಲಿ ಸೇರಿಸಿದಳು.

ದ್ಯಾವಯ್ಯನು ಅಂಜಿದ್ದ ಮಾತು ಹಿಂದಿನ ಸಾಲಿನಿಂದ ಬಂದೇ ಬಂದಿತು. ಹೇಳಿದವನು ಆಲೆಮನೆಯ ಶಂಕರ. ಕರುವನ್ನು ನಾಲ್ಕು ತಿಂಗಳು ಕಟ್ಟಿಹಾಕಿದರೆ ಹಾಲು ನಾಲ್ಕರ ಮೇಲೆ ನಿಲ್ಲುವುದೆಂದು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದನು.

“ಕಟ್ಟಾಕ್ತೀನಿ ಕಣಪ್ಪ,” ಎಂದಳು ಚಿಕ್ಕಬೋರಮ್ಮ. “ಮಡಿಕೇಲಿರೋ ಕೊನೇ ಮುದ್ದೇನ ನಿಮ್ಮವ್ವ ಯಾರ್ಗೆ ಅಂತ ಎತ್ತಿಡ್ತಿದ್ಲು? ಅದ್ನೇಳು. ಆಮೇಲೆ ಕಟ್ಟಾಕ್ತೀನಿ.”

ಶಂಕರನು ಕುಳಿತುಕೊಂಡನು. ಅರ್ಜಿಗೆ ರುಜು ಹಾಕಿದ್ದ ಇಪ್ಪತ್ತೇಳು ಜನರಲ್ಲಿ ಒಂಬತ್ತು ಮಂದಿ ತಮ್ಮ ಮನೆಯಲ್ಲೂ ಕೊನೆಯ ಹಾಲು ಕರುವಿಗೇ ಎಂದು ಮೆಲ್ಲಗೆ ಹೇಳಿಕೊಂಡರು. ಇನ್ನು ಕೆಲವರು, ತಾವು ಬೀದಿದೀಪದ ಅರ್ಜಿಯೆಂದು ತಿಳಿದು ರುಜು ಹಾಕಿದ್ದೆವೆಂದು ತಿಳಿಸಿದರು. ಏಳನೆಯ ವಿಷಯದ ಎದುರಿಗೆ ಧರ್ಮೇಂದ್ರನು “ಹೊಟ್ಟೆಯ ವಿಷಯವನ್ನು ಚರ್ಚಿಸಿ ಕೈಬಿಡಲಾಯಿತು” ಎಂದು ಬರೆದನು. ಸಂಘದ ನಡವಳಿಯ ಪುಸ್ತಕದಲ್ಲಿ ಆ ವಾಕ್ಯವು ಇಂದಿಗೂ ಇದೆ. ಪಾಂಡವಪುರದಲ್ಲಿ ಆ ಪಟ್ಟಿಯ ಯಂತ್ರದ ಮೇಲೆ ಟವೆಲ್ಲುಗಳು ಮತ್ತೆ ಒಣಗುತ್ತಿವೆ. ದ್ಯಾವಯ್ಯನು ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಸಣ್ಣ ಸಣ್ಣ ಭಾರಗಳನ್ನು ಎತ್ತುತ್ತಾನೆ.

ಸಭೆಯ ಮರುದಿನ ಬೆಳಿಗ್ಗೆ ಸಾಲಿನಲ್ಲಿ ಚಿಕ್ಕಬೋರಮ್ಮನ ಸರದಿ ಬಂದಿತು. ಯಂತ್ರವು ಗುಂಯ್‌ಗುಟ್ಟಿ ಮೂರು ಎರಡು ಎಂದು ತೋರಿಸಿತು. ಅವಳು ಅಂಕಿಯನ್ನು ನೋಡಿ, ಬಳಿಕ ಮೇಜಿನ ಅಂಚನ್ನು ನೋಡಿದಳು.

“ಅಂಗೇ ಅದಲ್ಲೋ.”

“ಇಳೀತದಂತೆ ಕಣಕ್ಕ. ಆರು ತಿಂಗ್ಳು ಬೇಕಂತೆ.”

“ಅಷ್ಟೊತ್ಗೆ ನಮ್ ಕರೂನೂ ಆಲು ಬುಟ್ಟು ಉಲ್ಲು ಕಚ್ತದೆ,” ಎಂದು ಚಿಕ್ಕಬೋರಮ್ಮನು ಖಾಲಿ ಕ್ಯಾನನ್ನು ಸೊಂಟಕ್ಕೆ ಏರಿಸಿದಳು. “ಅಲ್ಲೀಗಂಟ ಇಬ್ರೂ ಉಣ್ಕಳಿ.”